ಬಿಟ್ಟಿ ಸಲಹೆ

ಬಾಮೈದ ಆ ಮಾತನ್ನು ಊಟದ ನಡುವೆ, ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದ.

"ಭಾವ, ಈ ವರ್ಷ ನಿಮಗೆ ತೊಂದರೆ ಕೊಡಲ್ಲ. ತೆರಿಗೆ ಲೆಕ್ಕ ನಾನೇ ಹಾಕ್ಕೊಂಡೆ. ಎಲ್ಲಾ ಆನ್‌ಲೈನಲ್ಲೇ ಇದೆ. ಅದೂ ಬಿಟ್ಟಿ!"

'ತೊಂದರೆ' ಎಂಬ ಪದ ತೆರಿಗೆ ಸಲಹೆಗಾರನಾದ ಭಾವನಿಗೆ ಮುಳ್ಳಿನಂತೆ ಚುಚ್ಚಿತು. ಅರ್ಧ ಆಯುಸ್ಸೆಲ್ಲ ಕಂಡಕಂಡವರ ಆದಾಯ ತೆರಿಗೆಯ ಲೆಕ್ಕ ಬರೆದುಕೊಟ್ಟು ಸಂಸಾರ ತೂಗಿಸಿದವನು ಅವನು. ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಅವನ ಕಚೇರಿ. ಕೆಳಗೆ ಹಲ್ಲು ಕೀಳಿಸಿಕೊಂಡವರು ಮೇಲೆ ಹತ್ತಿ ಬಂದು ದುಡ್ಡು ಕೀಳಿಸಿಕೊಳ್ಳುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ನೋವು ಎಂಬುದರ ಬಗ್ಗೆ ಗಿರಾಕಿಗಳಲ್ಲಿ ಒಮ್ಮತವಿರಲಿಲ್ಲ.

ಈಗ ಆ ಮೆಟ್ಟಿಲು ಹತ್ತುವವರೇ ಇಲ್ಲ. ಸಾರ್ವಜನಿಕ ಗ್ರಂಥಾಲಯದವರು ಒಂದು ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟು, 'ನಿಮ್ಮ ತೆರಿಗೆ ನೀವೇ ಸಲ್ಲಿಸಿ' ಎಂದು ಬೋರ್ಡು ಹಾಕಿ, ಯಾವ ಯಾವ ಸೈಟು ನೋಡಬೇಕೆಂದು ಗೋಡೆಗೆ ಅಂಟಿಸಿದ್ದರು. ಬಾಮೈದ ಕಲಿತು ಬಂದದ್ದೂ ಅಲ್ಲಿಂದಲೇ. ಕನ್ನಡಕ ಮಾರುವ ಮನುಷ್ಯ. ಎದುರಿಗಿರುವ ಭಾವನ ಹೊಟ್ಟೆಯುರಿ ಮಾತ್ರ ಅವನಿಗೆ ಕಾಣಲಿಲ್ಲ.

"ಒಳ್ಳೇದಾಯ್ತು ಬಿಡಪ್ಪ," ಎಂದ ಸಲಹೆಗಾರ. ಹೆಂಡತಿ ತಮ್ಮನ ಜಾಣತನಕ್ಕೆ ಖುಷಿಪಟ್ಟು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಗಂಡನ ತಟ್ಟೆ ಖಾಲಿಯಾಗಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರೆ. ಸಲಹೆಗಾರನ ಪ್ರಕಾರ ಅವನದು ನೆವವಲ್ಲ, ನ್ಯಾಯ. ಜನಕ್ಕೆ ಬಿಟ್ಟಿ ಸಲಹೆ ಬೇಕೆ? ಕೊಡೋಣ. ಆನ್‌ಲೈನಲ್ಲೇ ಬೇಕೆ? ಅಲ್ಲೇ ಕೊಡೋಣ.

ಸೈಟು ಕಟ್ಟುವುದನ್ನು ಅವನು ಆನ್‌ಲೈನಲ್ಲೇ ಕಲಿತ, ಬಿಟ್ಟಿಯಾಗಿ. ಹೀಗೆ ಕಲಿಯುವುದು ಇಷ್ಟು ಸಲೀಸು ಎಂದು ಗೊತ್ತಾದಾಗ ತನ್ನ ಗಿರಾಕಿಗಳ ಮೇಲಿನ ಸಿಟ್ಟು ಅವನಿಗೆ ಇನ್ನಷ್ಟು ಏರಿತು. ಹೆಸರು 'ಸರಳ ತೆರಿಗೆ'. ತಿಳಿನೀಲಿ ಬಣ್ಣ, ಮೂಲೆಯಲ್ಲಿ ನಗುವ ಅಜ್ಜನ ಚಿತ್ರ. ಇಲಾಖೆಯ ನಮೂನೆಯಲ್ಲಿದ್ದ ಪ್ರತಿಯೊಂದು ಪ್ರಶ್ನೆಯನ್ನೂ ಹಾಗೆ ಹಾಗೇ ತಂದು, ಅದರ ಕೆಳಗೆ ಆಡುಮಾತಿನಲ್ಲಿ ಬಿಡಿಸಿ ಬರೆದ. 'ಹೆದರಬೇಡಿ, ಇದರರ್ಥ ಇಷ್ಟೇ' ಎಂದು ಶುರುವಾಗುತ್ತಿದ್ದ ಆ ವಿವರಣೆಗಳನ್ನು ಓದಿದರೆ ಕಲ್ಲಿಗೂ ತೆರಿಗೆ ಅರ್ಥವಾಗಬೇಕು. ಅಷ್ಟೂ ವರ್ಷ ಗಿರಾಕಿಗಳಿಗೆ ಅರ್ಥವಾಗದ ಹಾಗೆ ಮಾತಾಡಿ ಸಂಪಾದಿಸಿದವನು, ಮೋಸ ಮಾಡಲು ಕೂತಾಗ ಮೊದಲ ಸಲ ಪ್ರಾಮಾಣಿಕವಾಗಿ ಕೆಲಸ ಮಾಡಿದ.

ಉಪಾಯ ಅವನ ಕಣ್ಣಿಗೆ ಚಿನ್ನದಂತಿತ್ತು. ಜನ ಇಲಾಖೆಯ ಸೈಟಿನ ತಮ್ಮ ಪಾಸ್‌ವರ್ಡು ಕೊಟ್ಟು, ಆದಾಯ, ಖರ್ಚು ತುಂಬುತ್ತಾರೆ. ಸೈಟು ಅವರ ಹೆಸರಿನಲ್ಲೇ ಇಲಾಖೆಗೆ ಲೆಕ್ಕ ಸಲ್ಲಿಸುತ್ತದೆ. ಎಲ್ಲ ಸತ್ಯ, ಎಲ್ಲ ಸರಿ. ಅವರಿಗೆ ಗೊತ್ತೇ ಇರದ ವಿನಾಯಿತಿಗಳನ್ನೂ ಹುಡುಕಿ ಹುಡುಕಿ ಸೇರಿಸುತ್ತದೆ. ಇಲಾಖೆಯಿಂದ ವಾಪಸ್ ಬರಬೇಕಾದ ಹಣ ಉಬ್ಬುತ್ತದೆ. ಕೊನೆಗೆ ಬ್ಯಾಂಕ್ ಖಾತೆಯ ಸಂಖ್ಯೆಯೊಂದನ್ನು ಮಾತ್ರ ಬದಲಿಸಿ, ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ತೋರಿಸುತ್ತದೆ: 'ಅಭಿನಂದನೆ! ನೀವು ಕಟ್ಟಬೇಕಾದ್ದು ಸೊನ್ನೆ. ನಿಮಗೆ ಬರಬೇಕಾದ್ದು ಸೊನ್ನೆ.'

ತೆರಿಗೆ ಕಟ್ಟಬೇಕಿಲ್ಲ ಎಂದರೆ ಯಾರು ತಾನೇ ದೂರು ಕೊಡುತ್ತಾರೆ? ಇದೆ ಎಂದು ಗೊತ್ತೇ ಇಲ್ಲದ ಹಣ ಕಳೆದುಹೋಯಿತೆಂದು ಅಳುವವರುಂಟೆ? ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಹಾವಿಗೆ ಏಟು ಬಿದ್ದದ್ದೇ ತಿಳಿಯಲಿಲ್ಲ.

ಹಣ ಸೇರುವ ಜಾಗವನ್ನೂ ಅವನು ಯೋಚಿಸಿಯೇ ಆರಿಸಿದ್ದ: ಎರಡು ವರ್ಷದ ಹಿಂದೆ ತೀರಿಕೊಂಡ ಅಮ್ಮನ ಖಾತೆ. ಅಲೆದಾಡುವುದು ಯಾರು ಎಂದು ಸಾವಿನ ಸುದ್ದಿಯನ್ನು ಅವನು ಬ್ಯಾಂಕಿಗೆ ತಿಳಿಸಿರಲೇ ಇಲ್ಲ. ಸೋಮಾರಿತನ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಕಾರ್ಡು ಅವನ ಜೇಬಿನಲ್ಲಿತ್ತು. ಖಾತೆದಾರರ ಹೆಸರು ಹೊಂದುತ್ತದೆಯೇ ಎಂದು ಇಲಾಖೆ ನೋಡುವುದಿಲ್ಲ, ಸಂಖ್ಯೆಯನ್ನಷ್ಟೇ ನೋಡುತ್ತದೆ ಎಂಬ ಗುಟ್ಟು ಹಿಂದೊಮ್ಮೆ ಗಿರಾಕಿಯೊಬ್ಬನ ಹಣ ಪಕ್ಕದ ಮನೆಯವನ ಖಾತೆಗೆ ಹೋದಾಗಲೇ ಅವನಿಗೆ ತಿಳಿದಿತ್ತು. ಒಂದೇ ಖಾತೆಗೆ ಹಲವರ ಹಣ ಬಂದರೆ ಅನುಮಾನ ಬಾರದೆ? ಬಾರದು. ಮನೆಮಂದಿಯೆಲ್ಲ ಒಂದೇ ಖಾತೆ ಕೊಡುವುದುಂಟು. ಯಾರೋ ಮುದುಕಿ, ದೊಡ್ಡ ಸಂಸಾರ ಎಂದುಕೊಳ್ಳುತ್ತಾರೆ. ಹಾಗೆ ಒಬ್ಬನೇ ಮಗನನ್ನು ಹೆತ್ತಿದ್ದ ಅಮ್ಮ, ಸತ್ತ ಮೇಲೆ ಮಕ್ಕಳೊಂದಿಗಳಾದಳು.

ತೆರಿಗೆ ಸಲ್ಲಿಸುವ ಕಾಲ ಬಂತು. ಸೈಟು ಕಾಳ್ಗಿಚ್ಚಿನಂತೆ ಹಬ್ಬಿತು. ಹೇಗೆ ನಡೆಯುತ್ತಿದೆ ನೋಡೋಣವೆಂದು ಒಂದು ಮಧ್ಯಾಹ್ನ ಅವನು ಗ್ರಂಥಾಲಯಕ್ಕೇ ಹೋದ. ಗೋಡೆಯ ಮೇಲೆ 'ಸರಳ ತೆರಿಗೆ' ಎಲ್ಲಕ್ಕಿಂತ ಮೇಲಿತ್ತು, ಕೆಂಪು ಶಾಯಿಯ ನಕ್ಷತ್ರದೊಂದಿಗೆ.

ಗ್ರಂಥಪಾಲಕಿ ಅವನ ನರೆತ ಕೂದಲು ನೋಡಿ ಕನಿಕರದಿಂದ ಕುರ್ಚಿ ಎಳೆದಳು. "ಕೂತ್ಕೊಳ್ಳಿ ಯಜಮಾನ್ರೇ. ಕಂಪ್ಯೂಟರ್ ಬರಲ್ವಾ? ಹೆದರಬೇಡಿ. ಈ ಸೈಟು ಮಾಡಿದೋರು ಯಾರೋ ದೇವರಂಥೋರು. ಚಿಕ್ಕ ಮಗುಗೂ ತಿಳಿಯೋ ಹಾಗೆ ಬರೆದಿದ್ದಾರೆ."

"ಹೌದಾ?" ಎಂದ ದೇವರು, ಸಂಕೋಚದಿಂದ.

"ಅಲ್ದೆ ಏನು! ಮೊದಲೆಲ್ಲ ಜನ ಆ ಹಲ್ಲಿನ ಡಾಕ್ಟ್ರ ಮೇಲ್ಗಡೆ ಒಬ್ಬ ಕೂತಿದ್ದಾನಲ್ಲ, ಅವನ ಹತ್ರ ಹೋಗಿ ಸುಲಿಸ್ಕೊಂಡು ಬರ್ತಿದ್ರು."

ಪಕ್ಕದ ಕಂಪ್ಯೂಟರಿನಲ್ಲಿ ಶಾಲೆಯ ವ್ಯಾನು ಓಡಿಸುವ ಡ್ರೈವರ್ ಕೂತಿದ್ದ. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಕೊನೆ ಮುಟ್ಟಿಸಿದ್ದ. ಹಸಿರು ಅಕ್ಷರ ಮೂಡಿತು.

"ಮೇಡಂ, ನಂಗೆ ವಾಪಸ್ ಏನೂ ಬರಲ್ವಾ?" ಎಂದ. "ಮಗಳ ಕಿವಿ ಮಿಷನ್ನಿಗೆ ಸಾಲ ಮಾಡಿದ್ದೆ. ಅದಕ್ಕೇನೋ ವಿನಾಯಿತಿ ಇದೆ ಅಂತ ಯಾರೋ ಅಂದ್ರು."

"ಸೈಟೇ ಸೊನ್ನೆ ಅಂದ ಮೇಲೆ ಸೊನ್ನೆ ಕಣಪ್ಪಾ. ಕಟ್ಟೋದೂ ಇಲ್ವಲ್ಲ, ಅದೇ ಪುಣ್ಯ ಅನ್ಕೋ."

"ಅದೂ ನಿಜಾನೇ," ಎಂದು ಡ್ರೈವರ್ ಎದ್ದ. ಬಾಗಿಲ ಬಳಿ ಒಂದು ಕ್ಷಣ ನಿಂತು, ಮತ್ತೆ ಪರದೆಯ ಕಡೆ ತಿರುಗಿ ನೋಡಿ, ಹೊರಗೆ ಹೋದ.

ಆ ವಿನಾಯಿತಿ ಇದೆಯೆಂಬುದು ಸಲಹೆಗಾರನಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಅದರ ಹಣ ಈಗಷ್ಟೇ ಅಮ್ಮನ ಖಾತೆಯ ದಾರಿ ಹಿಡಿದಿತ್ತು. ಎದೆಯಲ್ಲೇನೋ ಚುಚ್ಚಿದಂತಾಯಿತು. ವಾಯು ಇರಬೇಕೆಂದು ಎದೆ ಉಜ್ಜಿಕೊಂಡ. ನನ್ನ ಹತ್ತಿರ ಬಂದಿದ್ದರೆ ನ್ಯಾಯವಾಗಿ ಕೊಡಿಸುತ್ತಿರಲಿಲ್ಲವೆ? ಬರಲಿಲ್ಲ. ಬಿಟ್ಟಿ ಬೇಕೆಂದ. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು, ಆ ಗಾದೆ ಯಾರಿಗೆ ಹೊಂದುತ್ತದೆಂದು ಯೋಚಿಸಲು ಹೋಗದೆ, ಗ್ರಂಥಪಾಲಕಿಗೆ ಕೈಮುಗಿದು ಹೊರಟ.

ಕಾಲ ಮುಗಿಯಿತು. ಕೊನೆಯ ದಿನ ದಾಟಿದ ಮರುದಿನ ಬೆಳಗ್ಗೆ ಅವನು ಕಚೇರಿಯಲ್ಲಿ ಕೂತು ಸೈಟನ್ನು ಬೇರುಸಹಿತ ಅಳಿಸಿಹಾಕಿದ. ನಗುವ ಅಜ್ಜ ನಗುನಗುತ್ತಲೇ ಮಾಯವಾದ. ಕಂಪ್ಯೂಟರಿನ ಒಳಗಿದ್ದ ಹಾರ್ಡ್ ಡಿಸ್ಕನ್ನು ಕಿತ್ತು, ಸುತ್ತಿಗೆಯಿಂದ ಜಜ್ಜಿ, ಕೆಳಗಿನ ಕ್ಲಿನಿಕ್ಕಿನ ಕಸದ ಜೊತೆ ಕಳಿಸಿದ. ಹುಳುಕು ಹಲ್ಲುಗಳ ನಡುವೆ ಯಾರು ಹುಡುಕುತ್ತಾರೆ? ಉಳಿದದ್ದು ಒಂದೇ ಕೆಲಸ: ನಾಳೆಯಿಂದ ಅಮ್ಮನ ಖಾತೆಯನ್ನು ನಿಧಾನವಾಗಿ ಬರಿದು ಮಾಡುವುದು. ಆತುರ ಮೂರ್ಖರ ಲಕ್ಷಣ ಎಂದು ಅಷ್ಟು ದಿನವೂ ಒಂದು ಕಾಸು ಮುಟ್ಟಿರಲಿಲ್ಲ. ತನ್ನ ಸಂಯಮಕ್ಕೆ ತಾನೇ ತಲೆದೂಗಿದ.

ಸಂಜೆ ಮನೆಗೆ ಹೋಗುವಾಗ ಹೆಂಡತಿಗೊಂದು ಕೈಗಡಿಯಾರ ಕೊಂಡ, ಸದ್ಯಕ್ಕೆ ಸಾಲದಲ್ಲಿ. ಬಾಗಿಲಲ್ಲೇ ಅವಳು ಕಾಯುತ್ತಿದ್ದಳು. ಮುಖದಲ್ಲಿ ಗುಟ್ಟು ಬಚ್ಚಿಟ್ಟುಕೊಂಡ ಹುಡುಗಿಯ ಕಳೆ.

"ಏನೇ, ಇಷ್ಟು ಖುಷಿ?"

"ನೀವು ಬೈಬಾರದು. ಊರಿನವರ ಲೆಕ್ಕ ಎಲ್ಲಾ ಹಾಕೋ ಗಂಡ, ಈ ಸಲ ತನ್ನದು ಹಾಕೋದೇ ಮರೆತುಬಿಟ್ಟಿದ್ದಾನೆ ಅಂತ ನಿನ್ನೆ ನೆನಪಾಯ್ತು. ಕೊನೇ ದಿನ ಬೇರೆ. ತಿಂಗಳಿಂದ ಅದೇನೋ ಚಿಂತೇಲಿ ಇದ್ರಲ್ಲ, ನಿಮಗ್ಯಾಕೆ ತೊಂದರೆ ಅಂತ ಗ್ರಂಥಾಲಯಕ್ಕೆ ಹೋಗಿ ನಾನೇ ಹಾಕಿಬಿಟ್ಟೆ. 'ಸರಳ ತೆರಿಗೆ'ಲಿ. ಪಾಸ್‌ವರ್ಡು ಕ್ಯಾಲೆಂಡರ್ ಹಿಂದೆ ಬರೆದಿದ್ರಲ್ಲ!"

ಅವನಿಗೆ ನಗು ಬಂತು. ತನ್ನ ಹಣವೂ ತನ್ನ ಅಮ್ಮನ ಖಾತೆಗೇ ಹೋಯಿತು, ಅಷ್ಟೇ ತಾನೆ. "ಸೊನ್ನೆ ಬಂತಾ?" ಎಂದು ಕೇಳುತ್ತ ಗಡಿಯಾರದ ಡಬ್ಬಿ ಬಿಚ್ಚತೊಡಗಿದ.

"ಬಂತು, ಬಂತು. ಎಷ್ಟು ಚೆನ್ನಾಗಿ ತಿಳಿಸಿ ಹೇಳ್ತಾರೆ ರೀ ಅದರಲ್ಲಿ! ಒಂದು ಪ್ರಶ್ನೆ ಇತ್ತು, ಬೇರೆಯವರ ಹೆಸರಲ್ಲಿರೋ ಖಾತೆ ಏನಾದ್ರೂ ನೀವು ನಡೆಸ್ತೀರಾ ಅಂತ. ಕೆಳಗೆ ಬರೆದಿದ್ರು, 'ಹೆದರಬೇಡಿ, ಇದರರ್ಥ ಇಷ್ಟೇ: ತೀರಿಹೋದ ಅಪ್ಪ ಅಮ್ಮನ ಖಾತೆ ನಿಮ್ಮ ಕೈಯಲ್ಲಿದ್ರೆ ಅದನ್ನೂ ಸೇರಿಸಿ, ಬಡ್ಡಿ ಎಷ್ಟು ಅಂತ ಬ್ಯಾಂಕಲ್ಲಿ ಕೇಳ್ಕೊಂಡು ಬನ್ನಿ' ಅಂತ. ನಂಗೆ ತಕ್ಷಣ ಅತ್ತೆ ಖಾತೆ ನೆನಪಾಯ್ತು. ಅಲ್ಲಿಂದಲೇ ಬ್ಯಾಂಕಿಗೆ ಹೋಗಿ ಕೇಳ್ಕೊಂಡು ಬಂದು, ಆಮೇಲೆ ಸಲ್ಲಿಸಿದೆ. ಅಯ್ಯೋ, ಅತ್ತೆ ಹೋಗಿ ಎರಡು ವರ್ಷ ಆದ್ರೂ ಪಾಪ ಅವರಿಗೆ ಗೊತ್ತೇ ಇರಲಿಲ್ಲ ರೀ! ನಾನೇ ಹೇಳಿದೆ. ಖಾತೇಲಿರೋ ಲೆಕ್ಕ ನೋಡಿ ಮ್ಯಾನೇಜರೇ ಕುರ್ಚಿ ಬಿಟ್ಟು ಎದ್ದು ಬಂದ್ರು. ಎಷ್ಟು ಒಳ್ಳೆ ಜನ! ನೀವು ಎಷ್ಟು ಹೊತ್ತಿಗೆ ಮನೇಲಿರ್ತೀರಿ ಅಂತ ವಿಚಾರಿಸಿದ್ರು. ಆಗಲೇ ಬಂದು ಒಳಗೆ ಕೂತಿದ್ದಾರೆ, ಜೊತೆಗೆ ತೆರಿಗೆ ಇಲಾಖೆಯವರೂ ಇದ್ದಾರೆ. ಬನ್ನಿ."