ಕಾಯುವ ಬೆಂಚಿನ ಕ್ವಿಜ್

"ಏಣಿ ಹಾಡಿನ ವಿಡಿಯೋದಲ್ಲಿ ಹೀರೋ ಓಡಿಸೋ ಸ್ಕೂಟರ್ ಯಾವ ಬಣ್ಣ?"

"ಹಳದಿ!" ಕೆಂಪು ಟೋಪಿಯ ಹುಡುಗ ಕೂತಲ್ಲೇ ನೆಗೆದ.

"ಕರೆಕ್ಟ್! ಒಂದು ಜಾಗ ಮುಂದೆ!"

ಹುಡುಗ ಬೆಂಚಿನ ಮೇಲೆ ಒಂದು ಜಾಗ ಮುಂದೆ ಬಂದ. ಅವನ ಮುಂದೆ ಕೂತಿದ್ದ, ಒಂದು ಕಾಲದಲ್ಲಿ ಬೀದಿಗೆಲ್ಲ ಕಾಗದ ಹಂಚುತ್ತಿದ್ದ ಪೋಸ್ಟ್ ತಾತ ನಗುತ್ತಾ ಒಂದು ಜಾಗ ಹಿಂದೆ ಹೋದರು.

"ನಾನು ನೀಲಿ ಅಂದುಕೊಂಡಿದ್ದೆ. ಅಂದಹಾಗೆ ಏಣಿ ಹಾಡು ಅಂದ್ರೆ ಯಾವುದಮ್ಮಾ?" ಎಂದು ಕೇಳಿದರು.

"ಅಯ್ಯೋ ತಾತ! ಅದೂ ಗೊತ್ತಿಲ್ವಾ?" ಬೆಂಚೆಲ್ಲ ಗೊಳ್ಳೆಂದಿತು. ತಾತನೂ ನಕ್ಕರು.

ಪ್ರಶ್ನೆ ಕೇಳುತ್ತಿದ್ದವಳು ಚಟಪಟಿ. ಅವಳ ಬಾಯಿಗೆ ಬಿಡುವೆಂಬುದೇ ಇಲ್ಲ, ಹಾಗಾಗಿ ಬೀದಿಯವರು ಇಟ್ಟ ಹೆಸರು ಅದು. ಕಟಿಂಗ್ ಅಂಗಡಿ ಅವಳ ಅಪ್ಪನದು. ಅಲ್ಲಿರುವುದು ಒಂದೇ ತಿರುಗುವ ಕುರ್ಚಿ, ಒಂದು ದೊಡ್ಡ ಕನ್ನಡಿ, ಕಾಯುವವರಿಗೆ ಒಂದು ಉದ್ದನೆಯ ಬೆಂಚು.

ರಜೆ ಶುರುವಾದದ್ದೇ ತಡ, ಮಕ್ಕಳೆಲ್ಲ ಅಂಗಡಿಗೆ ಮುಗಿಬಿದ್ದಿದ್ದರು. ಎಲ್ಲರಿಗೂ ಏಣಿ ಕಟಿಂಗೇ ಬೇಕು. ಏಣಿ ಹಾಡಿನ ಹೀರೋಗೆ ಇದ್ದ ಹಾಗೆ ಕಿವಿಯ ಮೇಲಿನ ಕೂದಲಲ್ಲಿ ಮೂರು ಗೆರೆ, ಥೇಟ್ ಏಣಿಯ ಮೆಟ್ಟಿಲು. ಶಾಲೆ ಇದ್ದಾಗ ಇಂಥದ್ದು ಮಾಡಿಸಿಕೊಂಡು ಹೋದರೆ ಟೀಚರ್ ಸುಮ್ಮನೆ ಬಿಡುತ್ತಾರೆಯೇ? ಮಾಡಿಸಿಕೊಂಡರೆ ರಜೆಯಲ್ಲೇ ಮಾಡಿಸಿಕೊಳ್ಳಬೇಕು.

ಆದರೆ ಏಣಿ ಕಟಿಂಗ್ ಅಂದರೆ ಆಟವಲ್ಲ. ಒಂದು ಮೆಟ್ಟಿಲು ಸೊಟ್ಟಗಾದರೂ ತಲೆ ಕೆಟ್ಟ ಹಾಗೆಯೇ. ಅಪ್ಪ ಉಸಿರು ಬಿಗಿಹಿಡಿದು ಒಂದೊಂದೇ ಗೆರೆ ಎಳೆಯುತ್ತಿದ್ದರು. ಇತ್ತ ಬೆಂಚಿನವರು "ಇನ್ನೂ ಎಷ್ಟೊತ್ತು?" ಎಂದು ಗೊಣಗತೊಡಗಿದ್ದರು. ಆಗಲೇ ಚಟಪಟಿಗೆ ಕ್ವಿಜ್ ಹೊಳೆದದ್ದು. ಸರಿಯುತ್ತರ ಹೇಳಿದವರು ಒಂದು ಜಾಗ ಮುಂದೆ, ಅವರ ಮುಂದಿದ್ದವರು ಒಂದು ಜಾಗ ಹಿಂದೆ. ರೂಲ್ ಅಂದರೆ ರೂಲ್!

ಗೊಣಗಾಟ ಮಾಯವಾಯಿತು. ಅಂಗಡಿಯಲ್ಲಿ ನಗುವೋ ನಗು. ಅಪ್ಪ ಕೂಡ ಕನ್ನಡಿಯಲ್ಲೇ ಅವಳಿಗೆ "ಭೇಷ್" ಎಂದು ಕಣ್ಣು ಹೊಡೆದರು. ಚಟಪಟಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

"ಮುಂದಿನ ಪ್ರಶ್ನೆ! ಏಣಿ ಡ್ಯಾನ್ಸಿನಲ್ಲಿ ಮೊದಲು ಎತ್ತೋದು ಯಾವ ಕಾಲು?"

"ಎಡಗಾಲು!"

"ಹೀರೋ ನಾಯಿಮರಿ ಯಾವ ಬಣ್ಣದ ಕನ್ನಡಕ ಹಾಕುತ್ತೆ?"

"ಗುಲಾಬಿ!"

ಮಕ್ಕಳು ಸರಸರನೆ ಮುಂದೆ ಹೋದರು. ಆಮೇಲೆ ಬಂದವರೂ ಮುಂದೆ ಹೋದರು. ಏಣಿಯ ಮೂರೂ ಮೆಟ್ಟಿಲು ಮುಗಿಸಿ, ಅಪ್ಪ ಬಟ್ಟೆ ಕೊಡವಿ ತಿರುಗಿದರು.

"ತಾತ, ಬನ್ನಿ."

ಯಾರೂ ಏಳಲಿಲ್ಲ. ಬಾಗಿಲ ಪಕ್ಕದ ಕೊನೆಯ ಜಾಗ ಖಾಲಿಯಾಗಿತ್ತು.

"ತಾತ ಎಲ್ಲಿ? ಬೆಳಿಗ್ಗೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಬಂದಿದ್ರಲ್ಲ! ಮಧ್ಯಾಹ್ನದ ಬಸ್ಸಿಗೆ ಮೊಮ್ಮಗಳು ಬರ್ತಾಳೆ, ಅಷ್ಟರೊಳಗೆ ಗಡ್ಡ ತೆಗೆದುಬಿಡಪ್ಪಾ ಅಂದಿದ್ರು."

ಚಟಪಟಿ ಖಾಲಿ ಜಾಗದತ್ತ ತಿರುಗಿದಳು. ಬೆಳಿಗ್ಗೆ ತಾತ ಕೂತಿದ್ದದ್ದು ಬೆಂಚಿನ ಮೊದಲನೇ ಜಾಗದಲ್ಲಿ. ಪ್ರತಿ ಸಲವೂ ಅವರನ್ನು ಹಿಂದೆ ಕಳಿಸಿದವಳು ಅವಳೇ. ಅದೂ ನಗುನಗುತ್ತಾ!

ಅವಳು ಚಪ್ಪಲಿಯನ್ನೂ ಹಾಕದೆ ಓಡಿದಳು. ಬೀದಿಯ ತಿರುವಿನಲ್ಲಿ ತಾತ ನಿಧಾನವಾಗಿ ಹೋಗುತ್ತಿದ್ದರು.

"ತಾತ! ಬನ್ನಿ, ಈಗ ನಿಮ್ಮ ಸರದಿ."

"ಇರಲಿ ಬಿಡಮ್ಮಾ, ನಿಮ್ಮ ಆಟ ಹಾಳಾಗೋದು ಬೇಡ. ಅಷ್ಟಕ್ಕೂ ನಾನು ಸೋತವನಲ್ವಾ?"

"ಬನ್ನಿ ತಾತ, ಪ್ಲೀಸ್." ಅವಳ ದನಿ ಅಳುವ ಹಾಗಾಯಿತು. ತಾತ ಅವಳ ಜೊತೆ ಹಿಂದಿರುಗಿದರು.

ಬಾಗಿಲಲ್ಲೇ ಟೋಪಿ ಹುಡುಗ ತಗಾದೆ ತೆಗೆದ. ಈಗ ಬೆಂಚಿನ ಮೊದಲನೇ ಜಾಗ ಅವನದು. "ನೀನೇ ಅಲ್ವಾ ರೂಲ್ ಅಂದ್ರೆ ರೂಲ್ ಅಂದಿದ್ದು?"

ಹೌದು, ಹೇಳಿದವಳು ಅವಳೇ. ಚಟಪಟಿ ತಲೆ ಕೆರೆದುಕೊಂಡಳು. ತಾತನಿಗೆ ಯಾವ ಪ್ರಶ್ನೆ ಕೇಳುವುದು? ಅವರಿಗೆ ಏನು ಗೊತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ರೂಲ್ ಇದೆ. ಆದ್ರೆ ಈ ಸಲ ಪ್ರಶ್ನೆ ಕೇಳೋದು ತಾತ," ಎಂದಳು. "ಯಾರಿಗೂ ಉತ್ತರ ಬರದಿದ್ರೆ ತಾತ ಒಂದು ಜಾಗ ಮುಂದೆ."

"ನಾನಾ?" ತಾತ ಗಡ್ಡ ಕೆರೆದುಕೊಂಡರು. "ಸರಿ, ಹೇಳಿ ನೋಡೋಣ. ನನ್ನ ಮೊಮ್ಮಗಳಿಗೆ ಹಲ್ಲು ಬಿದ್ದಿರೋದು ಮೇಲಿಂದೋ ಕೆಳಗಿಂದೋ?"

"ಮೇಲಿಂದು!" "ಕೆಳಗಿಂದು!" ಬೆಂಚು ಕೂಗಿತು.

"ಎರಡೂ! ಫೋನಲ್ಲಿ ಮಾತಾಡಿದ್ರೆ ಬರೀ ಗಾಳಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಾತ ಒಂದು ಜಾಗ ಮುಂದೆ ಬಂದರು.

"ಅವಳು ನನಗೆ ಅಂತ ಏನು ತರ್ತಾ ಇದ್ದಾಳೆ?"

"ಶರ್ಟ್!" "ವಾಚ್!" "ಕೇಕ್!"

"ಒಂದು ಕಲ್ಲು. ಅವಳಿಗೆ ಸಿಕ್ಕಿದ್ದರಲ್ಲಿ ಅತಿ ನುಣುಪಾದದ್ದಂತೆ."

ಇನ್ನೊಂದು ಜಾಗ ಮುಂದೆ. ಈಗ ತಾತನಿಗೂ ಹುರುಪು ಬಂದಿತ್ತು.

"ಹೋದ ಸಲ ಬಂದಾಗ ನನ್ನ ನೋಡಿದ ತಕ್ಷಣ ಅವಳು ಏನು ಮಾಡಿದಳು?"

"ಓಡಿ ಬಂದು ತಬ್ಬಿಕೊಂಡಳು!"

"ಚಾಕಲೇಟ್ ಕೇಳಿದಳು!"

"ಊಹೂಂ." ತಾತ ತಮ್ಮ ಬಿಳಿ ಗಡ್ಡ ಹಿಡಿದು ತೋರಿಸಿದರು. "ಇದನ್ನ ನೋಡಿ ಹೆದರಿ ಅವರಮ್ಮನ ಹಿಂದೆ ಬಚ್ಚಿಟ್ಟುಕೊಂಡಳು. ನನ್ನ ಹತ್ತಿರ ಬರೋ ಹೊತ್ತಿಗೆ ಅವರು ಊರಿಗೆ ಹೊರಡೋ ದಿನ ಬಂದಿತ್ತು."

ನಗಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿದರು.

ಟೋಪಿ ಹುಡುಗ ಎದ್ದು ನಿಂತ. "ತಾತ, ಹೋಗಿ ಕುರ್ಚಿ ಮೇಲೆ ಕೂತ್ಕೊಳ್ಳಿ. ಬೇಗ!"

ಅಪ್ಪ ನೊರೆ ಹಚ್ಚಿದರು. "ಏನ್ ತಾತ, ಜೊತೆಗೆ ಏಣಿ ಕಟಿಂಗೂ ಮಾಡಿಬಿಡ್ಲಾ?"

ತಾತ ತಮ್ಮ ಬೋಳು ತಲೆ ಸವರಿಕೊಂಡರು. "ಏಣಿ ಇಡೋಕೆ ಗೋಡೆನೇ ಇಲ್ವಲ್ಲಪ್ಪಾ!"

ಅಂಗಡಿ ಮತ್ತೆ ನಗುವಿನಲ್ಲಿ ಮುಳುಗಿತು. ಶೇವಿಂಗ್ ಮುಗಿಯುವುದಕ್ಕೆ ಎಷ್ಟು ಹೊತ್ತು? ತಾತ ಎದ್ದಾಗ ಅವರ ಕೆನ್ನೆ ಮಗುವಿನ ಕೆನ್ನೆಯಂತೆ ಮಿರಿಮಿರಿ ಮಿಂಚುತ್ತಿತ್ತು. ಅವರು ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬಸ್ ಸ್ಟ್ಯಾಂಡಿನ ಕಡೆ ಓಡಿದಂತೆಯೇ ನಡೆದರು.

"ಮುಂದಿನ ಪ್ರಶ್ನೆ ಕೇಳೇ!" ಎಂದರು ಮಕ್ಕಳು.

ಚಟಪಟಿ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಇಲ್ಲಿರೋರಲ್ಲಿ ಮೊದಲು ಬಂದೋರು ಯಾರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೋಪಿ ಹುಡುಗ ಟೋಪಿ ಸರಿಮಾಡಿಕೊಂಡು, ತಾನಾಗಿಯೇ ಬಾಗಿಲ ಪಕ್ಕದ ತುದಿಗೆ ಹೋಗಿ ಕೂತ. ಅವನ ಹಿಂದೆ ಇನ್ನೊಬ್ಬ ಎದ್ದ, ಮತ್ತೊಬ್ಬಳು ಎದ್ದಳು. ಬೆಂಚು ಕಿರಗುಟ್ಟಿತು. ಮಗನನ್ನು ಕರೆದುಕೊಂಡು ಬಂದು ಅಷ್ಟೊತ್ತೂ ಸುಮ್ಮನೆ ಕೂತಿದ್ದ ಅಮ್ಮನೊಬ್ಬರು ಮೊದಲನೇ ಜಾಗಕ್ಕೆ ಬಂದರು.

"ಹಾಗಾದ್ರೆ ಕ್ವಿಜ್ ಇಲ್ವಾ?" ಹುಡುಗ ತುದಿಯಿಂದಲೇ ಕೇಳಿದ.

"ಇದ್ದೇ ಇದೆ. ಆದ್ರೆ ಗೆದ್ದೋರಿಗೆ ಚಪ್ಪಾಳೆ ಮಾತ್ರ." ಚಟಪಟಿ ಆ ಅಮ್ಮನ ಪಕ್ಕದಲ್ಲೇ ಹೋಗಿ ಕೂತಳು. "ಆಂಟಿ, ನಿಮಗೆ ಯಾವುದರ ಬಗ್ಗೆ ಕೇಳಲಿ?"