ಹನ್ನೆರಡು ವೋಲ್ಟಿನ ಸಿಟ್ಟು

“ಬಲ್ಬ್ ಹಚ್ಚಿ ತೋರಸ್ರಿ. ಬರೇ ಅಂಕಿ ನೋಡಿ ಒಯ್ಲಿಕ್ಕ ನಾ ಏನ್ ಗಡಿಯಾರ ತಗೊಳ್ಳಾಕ ಬಂದೀನೇನ್ರಿ?”

ಬೀದರಿನ ಚಿದ್ರಿಯ ತನ್ನ ಪುಟ್ಟ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಓಂಪ್ರಕಾಶನಿಗೆ ಶಿವಕಾಂತಾಳ ಮೊದಲ ದರ್ಶನ ಆದದ್ದು ಹೀಗೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಈ ಪ್ರೇಮ ಕಥೆ ಶುರುವಾದದ್ದು ಬೈಗುಳದಿಂದಲೇ.

ಶಿವಕಾಂತಾ ಭಾಲ್ಕಿಯಲ್ಲಿ ರಿಪೇರಿ ಅಂಗಡಿ ಇಟ್ಟವಳು. ಬಿಚ್ಚಿದ ಬೋರ್ಡುಗಳಿಗೆ ಬೇಕಾದಷ್ಟೇ ವೋಲ್ಟೇಜು ಕೊಟ್ಟು ಪರೀಕ್ಷಿಸಲು ಅವಳಿಗೊಂದು ಪವರ್ ಸಪ್ಲೈ ಪೆಟ್ಟಿಗೆ ಬೇಕಿತ್ತು. ದೊಡ್ಡ ಕಂಪನಿಯದು ಕೈಗೆಟುಕುವಂತಿರಲಿಲ್ಲ. ಈ ಸಸ್ತಾ ಪೆಟ್ಟಿಗೆಯನ್ನು ನಂಬುವುದೋ, ಬಿಡುವುದೋ…

ಓಂಪ್ರಕಾಶ ಕಾರಿನ ಹೆಡ್‌ಲೈಟ್ ಬಲ್ಬು ಜೋಡಿಸಿದ. ಅವಳು ಚೀಲದಿಂದ ತನ್ನ ಹಳೆಯ ಮುಳ್ಳಿನ ಮೀಟರು ತೆಗೆದಳು. ಪೆಟ್ಟಿಗೆಯ ಅಂಕಿ ಹನ್ನೆರಡು ವೋಲ್ಟು ಎಂದಿತು, ಮುಳ್ಳೂ ಹನ್ನೆರಡಕ್ಕೇ ನಿಂತಿತು. ಅರ್ಧ ತಾಸು ಬಲ್ಬು ಉರಿದರೂ ಇಳಿಯಲಿಲ್ಲ.

“ಈಗರೆ ನಂಬಿಕಿ ಬಂತೇನ್ರಿ?”

“ಪೆಟ್ಟಿಗಿ ಮ್ಯಾಲ ಬಂತು. ನಿಮ್ಮ ಮ್ಯಾಲ ಇನ್ನೂ ಇಲ್ಲ.”

ಅವನು ನಕ್ಕು ಬಿಲ್ಲು ಬರೆದುಕೊಟ್ಟ. ಆ ನಗು ಟಿಕೆಟ್ಟಿಲ್ಲದೆ ಭಾಲ್ಕಿ ಬಸ್ಸು ಹತ್ತಿ ಅವಳ ಪಕ್ಕದಲ್ಲೇ ಕುಳಿತುಬಂತು. ಅದಕ್ಕೂ ಅವಳಿಗೆ ಸಿಟ್ಟು!

ಮೂರನೆಯ ದಿನ ಅವಳ ಮೇಜಿನ ಮೇಲೆ ಹಲಬರ್ಗಾದ ಹಾಲಿನ ಸಂಘದ ಬೋರ್ಡಿತ್ತು, ಹಾಲಿನ ಫ್ಯಾಟ್ ನೋಡುವ ಮಷೀನಿನದು. ಸಂಘದ ಕಾರ್ಯದರ್ಶಿ ಹಾವಗೆಪ್ಪ ತಂದುಕೊಟ್ಟಿದ್ದ. “ಹೆಣ್ಣುಮಗಳ ಕೈಯಾಗ ಮಷೀನ್ ಕೊಟ್ಟೀಯೇನು?” ಎಂದು ಸಂಘದವರು ಅವನನ್ನು ಆಡಿಕೊಂಡಿದ್ದರು. ಇದೊಂದು ಸರಿಯಾದರೆ ಸಂಘದ ಉಳಿದ ಮಷೀನುಗಳೂ ಅವಳಿಗೇ. ಕೆಟ್ಟರೆ ಭಾಲ್ಕಿಯಲ್ಲಿ ಮತ್ತೆ ಯಾರೂ ಅವಳ ಮೆಟ್ಟಿಲು ಹತ್ತುವುದಿಲ್ಲ.

ಬೋರ್ಡಿಗೆ ಪೆಟ್ಟಿಗೆಯ ಕ್ಲಿಪ್ಪು ಹಚ್ಚಿಟ್ಟು ಎದುರಿನ ಹೋಟೆಲಿಗೆ ಚಹಾಕ್ಕೆ ಹೋದಳು. ತಿರುಗಿ ಬಂದರೆ… ಸುಟ್ಟ ವಾಸನೆ.

ಅವಳು ಕ್ಲಿಪ್ಪು ಕಿತ್ತೆಸೆದಳು. ‘ನಕ್ಕೋತ ನಕ್ಕೋತ ಕೆಟ್ಟ ಮಾಲು ಕೊಟ್ಟಾನ!’

ತಾನೇ ಫೋನು ಮಾಡಿದರೆ ಜಾರಿಕೊಳ್ಳುತ್ತಾನೆ. ಆದರೆ ಹಾವಗೆಪ್ಪನೇ ಮಾಡಿದರೆ? ಶಿವಕಾಂತಾ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಇಡೀ ಕ್ಲಾಸಿಗೆ ರಜೆ ಕೊಟ್ಟವಳು. ಗಂಟಲು ಗೊಗ್ಗರು ಮಾಡಿಕೊಂಡು ಬಿಲ್ಲಿನ ಮೇಲಿನ ನಂಬರು ಒತ್ತಿದಳು.

“ಹಲಬರ್ಗಾ ಹಾಲಿನ ಸಂಘದ ಹಾವಗೆಪ್ಪ ಮಾತಾಡ್ತೇನಿ. ಆ ಭಾಲ್ಕಿ ಹುಡುಗಿ ನಿನ್ನ ಪೆಟ್ಟಿಗಿ ಹಚ್ಚಿ ನಮ್ಮ ಬೋರ್ಡ್ ಸುಟ್ಟಾಳ. ಖರೇ ಹೇಳು, ತಪ್ಪು ಆಕಿದೋ ನಿಂದೋ?”

ಆಕಿದು ಎನ್ನುತ್ತಾನೆ, ಹಿಡಿದು ಉಗಿಯುತ್ತೇನೆ ಎಂದು ಹಲ್ಲು ಕಚ್ಚಿ ಕಾದಳು.

“ಆಕಿದೇನೂ ತಪ್ಪಿಲ್ರಿ ಕಾಕಾ. ಕೊಟ್ಟಾಂವ ನಾನು, ಬೈಯೋದಿದ್ರ ನನಗ ಬೈರಿ. ನಮ್ಮ ಅಂಗಡಿಗಿ ಇಷ್ಟು ಮಂದಿ ಬರ್ತಾರ, ಒಬ್ಬರೂ ಬಲ್ಬ್ ಹಚ್ಚಿ ತೋರಸು ಅನ್ನಲ್ಲ. ಆಕಿ ಅರ್ಧ ತಾಸು ಮೀಟರ್ ಮ್ಯಾಲಿಂದ ಕಣ್ಣು ತಗೀಲಿಲ್ಲ. ನಾನೂ ಆಕಿ ಮ್ಯಾಲಿಂದ… ಅದಿರಲಿ ಬಿಡ್ರಿ. ಆಕಿ ಕೈಯಾಗಿನ ಕೆಲಸ ಕಸಗೋಬ್ಯಾಡ್ರಿ. ನಾಳಿ ಮುಂಜಾನಿ ನಾನೇ ಭಾಲ್ಕಿಗಿ ಬರ್ತೇನಿ.”

ಅವಳು ಫೋನು ಕತ್ತರಿಸಿದಳು. ಸಿಟ್ಟು ಇಳಿಯಬೇಕಿತ್ತು, ಏರಿತು. ಇಷ್ಟು ಒಳ್ಳೆಯವನಾಗು ಎಂದು ಇವನಿಗೆ ಹೇಳಿದವರು ಯಾರು?

ಮರುದಿನ ಅವನು ಚೀಲ ಹೊತ್ತು ಬಂದ. ಪೆಟ್ಟಿಗೆಗೆ ಮತ್ತೆ ಬಲ್ಬು, ಮತ್ತೆ ಮುಳ್ಳಿನ ಮೀಟರು. ಹನ್ನೆರಡೆಂದರೆ ಹನ್ನೆರಡು.

“ಪೆಟ್ಟಿಗಿ ಛಲೋನೇ ಅದಲ್ರಿ…”

“ಹಂಗಾದ್ರ ನಾ ಕಡ್ಡಿ ಗೀರಿ ಸುಟ್ಟೆನೇನು?”

ಅಷ್ಟರಲ್ಲಿ ಕರೆಂಟು ಹೋಯಿತು. ಭಾಲ್ಕಿಗೆ ಅದೇನೂ ಹೊಸದಲ್ಲ. ಇಬ್ಬರೂ ಮುಖ ತಿರುಗಿಸಿಕೊಂಡು ಬೆವರಿದರು.

ಹತ್ತು ನಿಮಿಷಕ್ಕೆ ಕರೆಂಟು ಬಂತು. ಫ್ಯಾನು ತಿರುಗುವ ಮೊದಲೇ ಮೀಟರಿನ ಮುಳ್ಳು ಇಪ್ಪತ್ತರಾಚೆ ಹಾರಿ, ಏನೂ ಆಗಿಲ್ಲವೆಂಬಂತೆ ಹನ್ನೆರಡಕ್ಕೆ ಬಂದು ಕುಳಿತಿತು.

ಇಬ್ಬರೂ ನೋಡಿದರು.

“ನಿಮ್ಮ ಅಂಗಡಿಯಾಗ ಕರೆಂಟ್ ಹೋಗಲ್ಲೇನ್ರಿ?” ಅವಳು ಒಂದೊಂದೇ ಮಾತು ಜಗಿದು ಕೇಳಿದಳು.

“ಹೋಗ್ತದ್ರಿ. ಇನ್ವರ್ಟರ್ ಅದ…” ಅವನು ಹಣೆ ಹಿಡಿದುಕೊಂಡ. “ಎಲ್ಲಾ ಮಾಲು ಅದರ ಮ್ಯಾಲೇ ನೋಡ್ತೇನಿ. ಕರೆಂಟ್ ತಿರುಗಿ ಬಂದಾಗ ಹಿಂಗ ಹಾರ್ತದಂತ ಹೊಳೀಲೇ ಇಲ್ಲ.”

ಅವಳ ದನಿ ತಗ್ಗಿತು. “ನಿನ್ನಿನೂ ಹಿಂಗೇ ಕರೆಂಟ್ ಹೋಗಿ ಬಂದಿತ್ತು. ನಾನೂ ಕ್ಲಿಪ್ ಕಳಚದೇ ಚಹಾಕ ಹೋಗಿದ್ದೆ.”

ಬೋರ್ಡಿನಲ್ಲಿ ಸುಟ್ಟದ್ದು ವೋಲ್ಟೇಜು ಕಾಯುವ ಒಂದು ಬಿಡಿಭಾಗ ಮಾತ್ರ. ಅವನ ಚೀಲದಲ್ಲಿ ಅದಿತ್ತು. ಅವನು ಚಿಮಟಿಯಲ್ಲಿ ಹಿಡಿದ, ಅವಳು ಬೆಸುಗೆ ಹಾಕಿದಳು. ಬೋರ್ಡಿನ ದೀಪ ಹೊತ್ತಿತು.

ಅದೇ ಹೊತ್ತಿಗೆ ಹಾವಗೆಪ್ಪ ಒಳಗೆ ಬಂದ. “ಹಾವಗೆಪ್ಪ ಕಾಕಾ, ಬರ್ರಿ,” ಎಂದಳು ಶಿವಕಾಂತಾ. ಓಂಪ್ರಕಾಶ ಕೈಮುಗಿದು ಎದ್ದ. “ನಿನ್ನಿ ಫೋನಿನಾಗ ಹೇಳಿದ್ನಲ್ರಿ ಕಾಕಾ, ತಪ್ಪೆಲ್ಲ ನಂದೇ…”

“ಯಾವ ಫೋನೋ ತಮ್ಮಾ? ನೀ ಯಾರು?”

ಸುಮ್ಮನಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಶಿವಕಾಂತಾ ಸುಮ್ಮನಿರಲಿಲ್ಲ.

“ಕಾಕಾ, ಬೋರ್ಡ್ ನನ್ನ ಕೈಯಾಗೇ ಸುಟ್ಟಿತ್ತು. ಈಗ ಸರಿ ಮಾಡೇನಿ. ಆ ಫೋನ್ ಮಾಡಿದ್ದೂ ನಾನೇ… ನಿಮ್ಮ ದನಿಯಾಗ.”

ಹಾವಗೆಪ್ಪ ಅವಳನ್ನು ದಿಟ್ಟಿಸಿದ. ಬೋರ್ಡಿನ ದೀಪವನ್ನೂ ನೋಡಿದ. “ಸುಟ್ಟಿದ್ದು ಮುಚ್ಚಿಟ್ಟಿದ್ರ ಇವತ್ತೇ ಎಲ್ಲಾ ಬೀದರಕ್ಕ ಒಯ್ತಿದ್ದೆ. ಹೇಳಿದಿ. ಉಳಿದ ಮೂರೂ ಮಷೀನ್ ನಾಳಿ ಇಲ್ಲೇ ತರ್ತೇನಿ.” ಬೋರ್ಡು ಎತ್ತಿಕೊಂಡು ಬಾಗಿಲ ತನಕ ಹೋದವನು ತಿರುಗಿದ. “ನನ್ನ ದನಿಯಾಗ ಬೈಯೋದಿದ್ರ ಮೊದ್ಲ ನನ್ನ ಕೇಳಬೇಕು, ತಂಗಿ.”

ಓಂಪ್ರಕಾಶ ನಿಂತಲ್ಲೇ ನಿಂತಿದ್ದ. ಕಿವಿ ಕೆಂಪಾಗಿದ್ದವು.

“ಅಂದ್ರ ನಾ ಹೇಳಿದ್ದೆಲ್ಲ… ಕೇಳಿದಾಕಿ ನೀವೇ?”

“ಪೂರಾ.”

“ಆ ಅರ್ಧಕ್ಕ ನುಂಗಿದ್ದ ಮಾತು?”

“ಅದೂ.”

ಅವನು ಮೇಜು ಹಿಡಿದು ನಕ್ಕ. ಎದುರಿನ ಹೋಟೆಲಿನವರು ತಿರುಗಿ ನೋಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳಿಗೂ ತಡೆಯಲಾಗಲಿಲ್ಲ.

“ಈಗರೆ ಪೂರಾ ಹೇಳ್ರಿ ಅದನ್ನ,” ಎಂದಳು ಮೆಲ್ಲಗೆ.

“ಆಕಿ ಮ್ಯಾಲಿಂದ ನಾ ಇನ್ನೂ ಕಣ್ಣು ತಗದಿಲ್ರಿ.”

“ನನಗ ಸಿಟ್ಟು ಭಾಳ ಬರ್ತದ. ದಿನಾ ಬರ್ತದ.”

“ನಾನೂ ದಿನಾ ಬರ್ತೇನ್ರಿ.”

ಶಿವಕಾಂತಾ ಬಗ್ಗಿ, ತಾನು ಕುಳಿತುಕೊಳ್ಳುವ ಸ್ಟೂಲನ್ನು ಅವನತ್ತ ಸರಿಸಿದಳು.

“ಹಂಗಾದ್ರ… ಕೂಡ್ರಿ.”