ಮೂರು ಬಣ್ಣ, ಒಂದು ಚೀಲ ಉಪ್ಪು

ಅರಮನೆಯ ಅಂಗಳದಲ್ಲಿ ಮೂರು ತೊಗಲಿನ ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಬಿಳಿ ಜೇಡಿ, ಒಂದರಲ್ಲಿ ಕೆಮ್ಮಣ್ಣು, ಒಂದರಲ್ಲಿ ಬೂದುಮಣ್ಣು. ಲೋ ರಾಜ್ಯದ ಗೋಡೆಗಳು, ಗುಡಿಗಳು, ಸ್ತೂಪಗಳು ಉಡುವುದು ಈ ಮೂರು ಬಣ್ಣದ ಪಟ್ಟೆಗಳನ್ನೇ.

"ಘಟ್ಟದ ನೆತ್ತಿ ಮೇಲಿನ ಸ್ತೂಪ ಕೆರೆದು ಹಾಕಿದಾರೆ," ಎಂದ ದೊರೆ. "ಉಗುರಿನಷ್ಟೂ ಬಣ್ಣ ಬಿಟ್ಟಿಲ್ವಂತೆ."

ಯಾರು ಎಂದು ಉಪ್ಪಿನ ವ್ಯಾಪಾರಿ ನೊರ್ಜಿನ್ ಕೇಳಲಿಲ್ಲ. ಘಟ್ಟದ ಆಚೆ ಇರುವುದು ಜುಮ್ಲಾ. ಅವರ ಸೈನ್ಯದ ಅಡುಗೆಯವರನ್ನು ಎಣಿಸಿದರೇ ಲೋ ರಾಜ್ಯದ ಗಂಡಸರಿಗಿಂತ ಹೆಚ್ಚಾಗುತ್ತಾರೆ ಎಂಬ ಮಾತಿತ್ತು. ದೊರೆಯ ಅಜ್ಜನ ಕಾಲದಲ್ಲಿ ಯುದ್ಧ ಮಾಡಿ ಸುಸ್ತಾದ ಎರಡೂ ಕಡೆಯವರು ಒಂದು ಆಣೆ ಹಾಕಿಕೊಂಡಿದ್ದರು. ವರ್ಷಕ್ಕೊಮ್ಮೆ, ವಸಂತದ ಹುಣ್ಣಿಮೆಯಂದು, ಯಾರ ಕಡೆಗೂ ಸೇರದ ಡೋಲ್ಪೋ ನಾಡಿನ ಹಿರಿಯ ನಡುಹಗಲಿಗೆ ಘಟ್ಟಕ್ಕೆ ಬಂದು ಸ್ತೂಪ ನೋಡಬೇಕು. ಅದರ ಮೇಲೆ ಮೂರು ಬಣ್ಣವಿದ್ದರೆ ಉಪ್ಪಿನ ದಾರಿಯೂ ಘಟ್ಟದ ಕೆಳಗಿನ ಹುಲ್ಲುಗಾವಲೂ ಲೋ ರಾಜ್ಯಕ್ಕೆ. ಬೋಳು ಕಲ್ಲಿದ್ದರೆ ಜುಮ್ಲಾಗೆ. ಸ್ತೂಪದ ಬಳಿ ಆಯುಧ ಕೂಡದು, ರಕ್ತ ಕೂಡದು. ಕೆರೆಯಬಾರದು ಎಂದು ಮಾತ್ರ ಆಣೆಯಲ್ಲಿ ಸೇರಿಸಿರಲಿಲ್ಲ. ಸ್ತೂಪವನ್ನು ಕೆರೆಯುವವರೂ ಇರುತ್ತಾರೆಂದು ಆಗಿನ ಹಿರಿಯರಿಗೆ ಹೊಳೆದಿರಲಿಲ್ಲ.

"ಸೈನಿಕರನ್ನ ಕಳಿಸಿದ್ರೆ ಆಣೆ ಮುರಿದಿದ್ದು ನಾವಾಗ್ತೀವಿ," ಎಂದ ದೊರೆ. "ನೀನು ಆ ದಾರೀಲಿ ಉಪ್ಪಿನ ಯಾಕ್ ಹೊಡೆದವಳು. ಯಾರನ್ನ ಕರ್ಕೊಂಡು ಹೋಗ್ತೀಯ?"

ಆ ಹುಲ್ಲುಗಾವಲು ಹೋದರೆ ನೊರ್ಜಿನ್‌ಳ ಊರಿನ ಯಾಕ್‌ಗಳಿಗೆ ಬೇಸಿಗೆಯ ಮೇವಿಲ್ಲ, ಅವಳ ಉಪ್ಪಿಗೆ ದಾರಿಯಿಲ್ಲ. ಅವಳು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಬಣ್ಣ ಕಲಸೋಕೆ ನನ್ನ ಮೈದುನ ಅಂಗ್ಯಾಲ್, ಮಠದ ಚಿತ್ರಗಾರ. ಬಂಡೆ ಹತ್ತೋಕೆ ಲುಬ್ರಾ ಊರಿನ ತೆನ್ಪಾ. ಇಬ್ಬರೂ ಇಲ್ಲೇ ಇದಾರೆ."

ಅಂಗ್ಯಾಲ್‌ನ ಮುಖ ಹುಳ್ಳಗಾಯಿತು. "ಅತ್ತಿಗೆ, ಅವನು ಬೋನ್ ಮತದವನು. ಸ್ತೂಪನ ಎಡಕ್ಕಿಟ್ಕೊಂಡು ಸುತ್ತೋ ಜನ."

"ಹೌದು ಸ್ವಾಮಿ," ಎಂದ ತೆನ್ಪಾ ಹಿಂದಿನಿಂದ. "ನಾನು ಆ ಕಡೆಯಿಂದ ಸುತ್ತಿದ್ರೆ ನಿಮ್ಮ ಮುಖ ಎದುರಿಗೆ ಸಿಗತ್ತೆ. ಅದೊಂದೇ ಕಷ್ಟ."

ಬೆಳಗಾಗುವಷ್ಟರಲ್ಲಿ ಕೋಟೆಯ ಬಾಗಿಲು ದಾಟಿದರು. ಹೊಳೆಯ ಪಾತ್ರದಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಆ ದಿನದ ಬಿಸಿಲಿಗೆ ಮಂಜುಗಡ್ಡೆ ಇನ್ನೂ ಕರಗತೊಡಗಿರಲಿಲ್ಲ, ಆದ್ದರಿಂದ ಬೆಳಗಿನ ಹೊಳೆ ಮೊಣಕಾಲು ಮುಟ್ಟುತ್ತಿರಲಿಲ್ಲ. ಅದೇ ಹೊಳೆ ಸಂಜೆಗೆ ಕುದುರೆಯನ್ನು ಉರುಳಿಸುತ್ತದೆ. ಎರಡೂ ದಂಡೆಯಲ್ಲಿ ಮಣ್ಣಿನ ಗೋಡೆಗಳು ಕೊಳಲಿನ ಸಾಲಿನಂತೆ ನೆಟ್ಟಗೆ ಎದ್ದಿದ್ದವು. ಅವುಗಳ ಎತ್ತರದಲ್ಲಿ, ಯಾವ ಏಣಿಯೂ ಮುಟ್ಟದ ಕಡೆ, ಹಿಂದಿನವರು ಕೊರೆದ ಗವಿಗಳು ಕಪ್ಪಗೆ ಬಾಯಿ ತೆರೆದಿದ್ದವು. ಸೂರ್ಯ ಮೇಲೇರುತ್ತಿದ್ದಂತೆ ದಕ್ಷಿಣದಿಂದ ಗಾಳಿ ಎದ್ದಿತು. ಅದು ಮರಳನ್ನು ಎತ್ತಿ ಕೆನ್ನೆಗೆ ಎರಚಿತು, ಮಾತನ್ನು ಬಾಯಿಂದಲೇ ಕಿತ್ತುಕೊಂಡಿತು. ಮೂವರೂ ಬೆನ್ನು ಬಾಗಿಸಿ ಒಬ್ಬರ ನೆರಳಲ್ಲಿ ಒಬ್ಬರು ನಡೆದರು. ಆ ರಾತ್ರಿ ಗವಿಯೊಂದರಲ್ಲಿ ಮಲಗಿದರು. ಹುಣ್ಣಿಮೆಯ ದಿನ ಕಣ್ಣು ತೆರೆದಾಗ ಘಟ್ಟದ ನೆತ್ತಿ ತಲೆಯ ಮೇಲೇ ಇತ್ತು.

ನೆತ್ತಿಯಲ್ಲೊಂದು ಬಂಡೆಗುಡ್ಡೆ, ಅದರ ಮೇಲೆ ಸ್ತೂಪ. ದಾರಿ ಗುಡ್ಡೆಯ ಬುಡದಲ್ಲಿ ಕವಲೊಡೆಯುತ್ತದೆ. ಎಡದ್ದು ಹತ್ತುವವರಿಗೆ, ಬಲದ್ದು ಇಳಿಯುವವರಿಗೆ. ಹಾಗಾದರೆ ಹೋಗುವಾಗಲೂ ಬರುವಾಗಲೂ ಸ್ತೂಪ ಬಲಗೈಗೇ ಸಿಗುತ್ತದೆ. ಲೋ ರಾಜ್ಯದ ಮಗು ನಡೆಯಲು ಕಲಿಯುವಾಗಲೇ ಇದನ್ನು ಕಲಿಯುತ್ತದೆ.

ಎಡದ ಕವಲಿನ ಅರ್ಧ ದಾರಿಯಲ್ಲಿ ನೊರ್ಜಿನ್ ನಿಂತಳು. ಮುಂದೆ ದಾರಿಯಿರಲಿಲ್ಲ. ಪ್ರಪಾತದ ಅಂಚಿನಲ್ಲಿ ಸಾಗಿದ್ದ ಹಾದಿಯನ್ನು ಯಾರೋ ಹಾರೆಯಿಂದ ಕಿತ್ತು ಕೆಳಗೆ ತಳ್ಳಿದ್ದರು. ಉಳಿದಿದ್ದದ್ದು ಅಂಗೈಯಗಲದ ಸಡಿಲ ಜಲ್ಲಿ. ಇಳಿಯುವ ಕವಲನ್ನು ಮಾತ್ರ ಹಾಗೇ ಬಿಟ್ಟಿದ್ದರು. ಕಾವಲಿಗೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಆಚೆ ಇಳಿಜಾರಿನ ಕಲ್ಲುಮನೆಯಿಂದ ಹೊಗೆ ಏಳುತ್ತಿತ್ತು. ಜುಮ್ಲಾದವರು ಬೆಚ್ಚಗೆ ಕುಳಿತಿದ್ದರು.

"ನಮ್ಮನ್ನ ಚೆನ್ನಾಗಿ ಅಳೆದಿದಾರೆ," ಎಂದಳು ನೊರ್ಜಿನ್. "ಈ ಕಡೆ ಆಗಲ್ಲ, ಆ ಕಡೆಯಿಂದ ನಾವು ಹತ್ತಲ್ಲ."

"ಹತ್ತಿದ್ರೆ ಏನಕ್ಕ? ನಾನು ದಿನಾ ಹತ್ತೋದು ಹಾಗೇ," ಎಂದ ತೆನ್ಪಾ.

"ಸ್ತೂಪಕ್ಕೆ ಬಟ್ಟೆ ಉಡಿಸೋಕೆ ಹೋಗ್ತಾ ಅದಕ್ಕೇ ಅವಮಾನ ಮಾಡ್ಲಾ?" ಅಂಗ್ಯಾಲ್ ಕೆಮ್ಮಣ್ಣಿನ ಚೀಲ ಬಿಗಿದುಕೊಂಡ. "ಅವರು ಕಿತ್ತಿದ್ದು ದಾರಿ ಮಾತ್ರ. ಪದ್ಧತಿ ಬಿಡೋದಾದ್ರೆ ಬಣ್ಣ ಯಾಕೆ ಬೇಕು? ನಾನು ಹೀಗೇ ಹೋಗೋನು."

ನೊರ್ಜಿನ್ ತೋಳು ಹಿಡಿಯುವ ಮೊದಲೇ ಅವನು ಜಲ್ಲಿಯ ಮೇಲೆ ಕಾಲಿಟ್ಟ.

ಮೊದಲ ಹೆಜ್ಜೆ ನಿಂತಿತು. ಎರಡನೆಯದೂ.

ಮೂರನೆಯದಕ್ಕೆ ಜಲ್ಲಿ ಸರ್ರನೆ ಜಾರಿತು.

ಅಂಗ್ಯಾಲ್ ಎದೆಯ ಮೇಲೆ ಬಿದ್ದು ಕೆಳಕ್ಕೆ ಸರಿದ. ನೊರ್ಜಿನ್ ಬೋರಲು ಬಿದ್ದು ಅವನ ನಿಲುವಂಗಿಯ ಕತ್ತಿನ ಪಟ್ಟಿ ಹಿಡಿದಳು. ಅವನ ಸೊಂಟದಲ್ಲಿದ್ದ, ಬಣ್ಣ ಅಂಟಿಸುವ ಸರೇಸಿನ ಡಬ್ಬಿ ಕಳಚಿ, ಬಂಡೆಗೆ ಬಡಿದು, ಮತ್ತೆ ಬಡಿದು, ಸದ್ದಿಲ್ಲದಾಯಿತು.

"ತೆನ್ಪಾ."

ತೆನ್ಪಾ ಆಗಲೇ ಓಡುತ್ತಿದ್ದ. ಕವಲಿಗೆ ಹಿಂದಿರುಗಿ, ಸ್ತೂಪವನ್ನು ಎಡಗೈಗೆ ಇಟ್ಟುಕೊಂಡು ಬಲದಾರಿಯಲ್ಲಿ ಏರಿದ. ಅವನ ಪೂರ್ವಿಕರೂ ಹೀಗೇ ಏರಿದ್ದರು, ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನೊರ್ಜಿನ್‌ಳ ಬೆರಳುಗಳು ಮರಗಟ್ಟಿದವು. ಗಾಳಿ ತೆಳ್ಳಗಿತ್ತು, ಎಷ್ಟು ಎಳೆದರೂ ಎದೆ ತುಂಬಲಿಲ್ಲ.

"ಬಿಟ್ಬಿಡಿ ಅತ್ತಿಗೆ. ನೀವೂ ಬರ್ತೀರಿ."

"ಬಾಯಿ ಮುಚ್ಚು. ಬಿಟ್ರೆ ಕೆಮ್ಮಣ್ಣು ನಿನ್ನ ಜೊತೆ ಹೋಗತ್ತೆ."

ಮೇಲಿನಿಂದ ಯಾಕ್ ಕೂದಲಿನ ಹಗ್ಗ ಸುಳಿಸುಳಿಯಾಗಿ ಇಳಿದುಬಂತು. ತೆನ್ಪಾ ಅದರ ಇನ್ನೊಂದು ತುದಿಯನ್ನು ಬಂಡೆಗೆ ಸುತ್ತಿ, ತನ್ನ ಮೈಗೂ ಸುತ್ತಿಕೊಂಡಿದ್ದ. ಮೊದಲು ಅಂಗ್ಯಾಲ್, ಆಮೇಲೆ ಚೀಲಗಳು, ಕೊನೆಗೆ ನೊರ್ಜಿನ್, ಮುರಿದ ದಾರಿಯ ಗುಂಟ ಬಂಡೆಗೆ ಒತ್ತಿಕೊಂಡೇ ಮೇಲೆ ಬಂದರು. ಸ್ತೂಪ ಅವರ ಬಲಗೈಗೇ ಇತ್ತು.

ಅಂಗ್ಯಾಲ್ ಸ್ವಲ್ಪ ಹೊತ್ತು ಕುಳಿತು ಉಸಿರು ತೆಗೆದುಕೊಂಡ. "ನೀನು ಆ ಕಡೆಯಿಂದ ಬರದೇ ಇದ್ದಿದ್ರೆ..." ಎಂದ.

"ಮುಖ ಎದುರಿಗೇ ಸಿಕ್ತು," ಎಂದ ತೆನ್ಪಾ. "ಎಣಿಸಿದಷ್ಟು ಕಷ್ಟ ಆಗ್ಲಿಲ್ಲ."

ಸ್ತೂಪ ಚರ್ಮ ಸುಲಿದ ಪ್ರಾಣಿಯಂತೆ ನಿಂತಿತ್ತು. ಅಂಗ್ಯಾಲ್ ಅದನ್ನು ನೋಡಿದ ಕೂಡಲೇ ಎದ್ದ. ಹೆಪ್ಪುಗಟ್ಟದಿರಲೆಂದು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ತಂದಿದ್ದ ನೀರಿನಲ್ಲಿ ಬಿಳಿ ಜೇಡಿ ಕಲಸಿ ಕಲ್ಲಿಗೆ ಬಳಿದ. ಅದು ಕಲ್ಲಿಗೆ ಅಂಟುವ ಮೊದಲೇ ಹೆಪ್ಪುಗಟ್ಟಿ, ಒಣಗಿದ ಗಾಯದ ಹಕ್ಕಳೆಯಂತೆ ಎದ್ದು ಬಿತ್ತು. ಮತ್ತೊಮ್ಮೆ ಬಳಿದ. ಮತ್ತೆ ಬಿತ್ತು.

"ಸರೇಸೂ ಇಲ್ಲ," ಎಂದ. "ಬಿಸಿಲು ಬರೋವರೆಗೆ ಕಾದ್ರೆ ಡೋಲ್ಪೋ ಹಿರಿಯ ಬಂದಿರ್ತಾನೆ."

ನೊರ್ಜಿನ್ ನೆಲ ನೋಡುತ್ತಿದ್ದಳು. ಅವರ ಬುತ್ತಿಯ ಗಂಟು ಇಟ್ಟ ಕಡೆ ಹಿಮ ಗಟ್ಟಿಯಾಗಿತ್ತು. ಚಹಾಕ್ಕೆಂದು ತಂದ ಉಪ್ಪಿನ ಚೀಲ ಇಟ್ಟ ಕಡೆ ಮಾತ್ರ ಹಿಮ ಒದ್ದೆಯಾಗಿ ಕುಸಿದಿತ್ತು. ಉಪ್ಪಿನ ದಾರಿಯಲ್ಲಿ ಇದನ್ನು ಅವಳು ಎಷ್ಟೋ ಬೆಳಗ್ಗೆ ಕಂಡು ಬೈದುಕೊಂಡಿದ್ದಳು. ಒದ್ದೆಯಾದ ಉಪ್ಪಿಗೆ ಬೆಲೆ ಕಡಿಮೆ.

ಅವಳು ಚೀಲ ಬಿಚ್ಚಿ ಒಂದು ಹಿಡಿ ಬಣ್ಣಕ್ಕೆ ಹಾಕಿದಳು.

"ಅತ್ತಿಗೆ, ಅದು ಜೇಡಿ, ಚಹಾ ಅಲ್ಲ."

"ಬಳಿದು ನೋಡು."

ಬಳಿದ. ಬಣ್ಣ ಒದ್ದೆಯಾಗಿಯೇ ಉಳಿಯಿತು, ಆದರೆ ನಿಧಾನವಾಗಿ ಕೆಳಗೆ ಇಳಿಯತೊಡಗಿತು. ಅಂಗ್ಯಾಲ್ ಕಣ್ಣು ಕಿರಿದು ಮಾಡಿ ಅದನ್ನು ನೋಡಿದ. ಆಮೇಲೆ ಬುತ್ತಿಯ ಗಂಟಿಗೆ ಕೈಹಾಕಿ, ಜವೆಯ ಹುರಿಹಿಟ್ಟು ತೆಗೆದು ಗಂಜಿಯ ಹದಕ್ಕೆ ಕಲಸಿ ಬಣ್ಣಕ್ಕೆ ಸುರಿದ. ಈ ಸಲ ಬಣ್ಣ ಹಿಡಿದು ನಿಂತಿತು.

"ನಮ್ಮ ಊಟ ಗೋಡೆಗೆ ಹೋಯ್ತು," ಎಂದ ತೆನ್ಪಾ, ಬೂದುಮಣ್ಣನ್ನು ಕೈಯಿಂದಲೇ ಸವರುತ್ತ.

ಕೊನೆಯ ಕೆಂಪು ಪಟ್ಟೆ ಮುಗಿಯುವಾಗ ಕಲ್ಲುಮನೆಯ ಕಡೆಯಿಂದ ಕೂಗು ಕೇಳಿಸಿತು. ಜುಮ್ಲಾದ ದಳಪತಿ ರೊಕಾಯ ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಆಳುಗಳು, ಕೈಯಲ್ಲಿ ಹಾರೆ, ಗುದ್ದಲಿ. ಆಯುಧ ಒಂದೂ ಇರಲಿಲ್ಲ. ಆಣೆಯ ಮಾತನ್ನು ಅವನೂ ಅಕ್ಷರಶಃ ಪಾಲಿಸುತ್ತಿದ್ದ.

"ಎಲ್ಲಿಂದ ಹತ್ತಿದ್ರಿ?"

"ನಮ್ಮ ದಾರಿಯಿಂದ," ಎಂದಳು ನೊರ್ಜಿನ್.

"ಆ ದಾರಿ ಇಲ್ಲ."

"ಇಳಿಯೋ ಕಡೆಯಿಂದಾನೂ ಬಂದ್ವಿ."

"ಸುಳ್ಳು. ನಿಮ್ಮ ಜನ ಸತ್ರೂ ಆ ಕಡೆಯಿಂದ ಹತ್ತಲ್ಲ."

"ನಿನಗೆ ನಮ್ಮ ಜನದಲ್ಲಿ ಅರ್ಧ ಮಾತ್ರ ಗೊತ್ತು, ರೊಕಾಯ." ಅವಳು ತೆನ್ಪಾನ ಕಡೆ ಗದ್ದ ತೋರಿಸಿದಳು. ತೆನ್ಪಾ ಬೂದುಮಣ್ಣು ಮೆತ್ತಿದ ಕೈಯಿಂದ ನಮಸ್ಕರಿಸಿದ.

ರೊಕಾಯ ಹಾರೆಯವರ ಕಡೆ ತಿರುಗಿದ. "ಕೆರೀರಿ," ಎಂದ ಆಳುಗಳಿಗೆ.

ನೊರ್ಜಿನ್ ಹಿಂದಕ್ಕೆ ಸರಿದು ಒದ್ದೆ ಬಣ್ಣಕ್ಕೆ ಬೆನ್ನು ಕೊಟ್ಟು ನಿಂತಳು. ಅಂಗ್ಯಾಲ್ ಒಂದು ಮಗ್ಗುಲಿಗೆ, ತೆನ್ಪಾ ಇನ್ನೊಂದು ಮಗ್ಗುಲಿಗೆ ಒರಗಿದರು.

"ಮೊದಲು ನನ್ನ ಕೆರಿ," ಎಂದಳು. "ಒಂದು ಹನಿ ರಕ್ತ ಬಿದ್ರೂ ಆಣೆ ಮುರಿದಿದ್ದು ನೀನು. ಆಮೇಲೆ ನಿನ್ನ ದೊರೆಗೆ ನೀನೇ ಉತ್ತರ ಹೇಳ್ಕೋ. ಹಾರೆ ಎತ್ತು, ಎತ್ತೋ."

ಗುದ್ದಲಿ ಹಿಡಿದವನು ಅವಳನ್ನೂ ತನ್ನ ದಳಪತಿಯನ್ನೂ ನೋಡಿದ. ಗಾಳಿ ಶುರುವಾಗಿತ್ತು. ಯಾರೂ ಅಲುಗಲಿಲ್ಲ. ಬಿಸಿಲು ಬಂಡೆಯ ಅಂಚು ದಾಟಿ ಅವಳ ಕಾಲಿಗೆ ಬಿತ್ತು, ಮೊಣಕಾಲಿಗೆ ಏರಿತು. ಅಷ್ಟರಲ್ಲಿ ಉತ್ತರದ ದಿಣ್ಣೆಯಿಂದ ಕುದುರೆಯ ಗಂಟೆ ಕೇಳಿಸಿತು.

ಡೋಲ್ಪೋದ ಹಿರಿಯ ಕುದುರೆಯಿಂದ ಇಳಿದು, ಎಲ್ಲರನ್ನೂ ನೋಡಿ, ಮೊದಲು ಸ್ತೂಪಕ್ಕೆ ಒಂದು ಸುತ್ತು ಬಂದ. ಒದ್ದೆ ಪಟ್ಟೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡ.

"ಬಣ್ಣ ಹಸಿ," ಎಂದ ರೊಕಾಯ. "ಇವತ್ತು ಬಳಿದಿದ್ದು. ಲೆಕ್ಕಕ್ಕಿಲ್ಲ."

"ಎಂದು ಬಳೀಬೇಕು ಅಂತ ಆಣೇಲಿಲ್ಲ ಮಾರಾಯ. ಕೆರೀಬಾರದು ಅಂತಾನೂ ಇಲ್ಲ, ಅಲ್ವಾ?" ಮುದುಕ ಬೆರಳನ್ನು ಮತ್ತೊಮ್ಮೆ ಚೀಪಿದ. "ಮೂರು ಬಣ್ಣ ಇದೆ. ಉಪ್ಪೂ ಇದೆ. ಇದು ಲೋದವರದ್ದೇ."

ರೊಕಾಯ ತಿರುಗಿ ನಡೆದ. ಗುದ್ದಲಿಯವನು ಮಾತ್ರ ಹೋಗುವ ಮೊದಲು ಯಾರಿಗೂ ಕಾಣದಂತೆ ಸ್ತೂಪಕ್ಕೆ ಕೈಮುಗಿದ.

ಇಳಿಯುವಾಗ ಹೊಸ ತೊಡಕು ಎದುರಾಯಿತು. ನೊರ್ಜಿನ್ ಮತ್ತು ಅಂಗ್ಯಾಲ್‌ಗೆ ಒಳ್ಳೆಯ ದಾರಿಯೇ ಸಿಕ್ಕಿತು. ಸ್ತೂಪವನ್ನು ಎಡಕ್ಕಿಟ್ಟುಕೊಳ್ಳುವ ತೆನ್ಪಾ ಮಾತ್ರ ಮುರಿದ ದಾರಿಯಿಂದಲೇ ಇಳಿಯಬೇಕಿತ್ತು. ಅವನು ಅಂಚಿನಲ್ಲಿ ನಿಂತು ಕೆಳಗೆ ಇಣುಕಿ ತಲೆ ಕೆರೆದುಕೊಂಡ.

"ಒಂದು ಸಲ ನಮ್ಮ ಕಡೆಯಿಂದ ಇಳಿದ್ರೆ ಏನಾಗತ್ತೆ?" ಎಂದು ನೊರ್ಜಿನ್ ನಗುತ್ತ ಕೇಳಿದಳು.

ಉತ್ತರ ಕೊಟ್ಟದ್ದು ಅಂಗ್ಯಾಲ್. "ಅವನು ತನ್ನ ಪದ್ಧತಿ ಯಾಕೆ ಬಿಡ್ಬೇಕು?" ಹಗ್ಗವನ್ನು ಬಂಡೆಗೆ ಸುತ್ತಿ, ತನ್ನ ಮೈಗೂ ಸುತ್ತಿಕೊಂಡು ಕಾಲೂರಿ ಕುಳಿತ. "ಇಳಿಯೋ ಲೇ. ನಾನು ಹಿಡ್ಕೊಂಡಿದೀನಿ."

ಹಗ್ಗ ಸಡಿಲವಾಗಿ, ಕೆಳಗಿನಿಂದ ತೆನ್ಪಾನ ಸಿಳ್ಳೆ ಕೇಳುವವರೆಗೂ ಅಂಗ್ಯಾಲ್ ಹಿಡಿತ ಬಿಡಲಿಲ್ಲ. ಬಿಟ್ಟ ಮೇಲೆ ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ನೋಡಿಕೊಂಡು, ಕುಂಚ ಹಿಡಿಯೋ ಕೈ ಹಾಳಾಯ್ತು ಎಂದು ಗೊಣಗಿದ.

ಹಸಿದು, ತುಟಿ ಒಡೆದು, ಹೊಳೆಯ ಸೆಳೆತ ಇಳಿಯಲು ಕಾದು, ಅವರು ಕೋಟೆ ಸೇರಿದರು. ದೊರೆ ಬಾಗಿಲಿಗೇ ಬಂದಿದ್ದ. ನೊರ್ಜಿನ್ ಬೆನ್ನು ತಿರುಗಿಸಿ ನಿಂತಳು. ಅವಳ ಕಪ್ಪು ನಿಲುವಂಗಿಯ ಮೇಲೆ ಬಿಳಿ, ಕೆಂಪು, ಬೂದು ಪಟ್ಟೆಗಳು ಅಚ್ಚಾಗಿದ್ದವು.

ಬೇಸಿಗೆಯಲ್ಲಿ ಯಾಕ್‌ಗಳನ್ನು ಮೇಲಕ್ಕೆ ಹೊಡೆದವರು ಒಂದು ಸುದ್ದಿ ತಂದರು. ಬೆಟ್ಟದ ನೀಲಿಕುರಿಗಳು ಹಿಂಡುಹಿಂಡಾಗಿ ಬಂದು ಸ್ತೂಪ ನೆಕ್ಕುತ್ತಿವೆ, ಕೆಳಗಿನ ಪಟ್ಟೆ ಆಗಲೇ ಮಾಸಿದೆ.

"ನೆಕ್ಕಲಿ ಬಿಡು, ಅವೂ ನಮ್ಮವೇ," ಎಂದಳು ನೊರ್ಜಿನ್, ಯಾಕ್‌ಗೆ ಉಪ್ಪಿನ ಚೀಲ ಬಿಗಿಯುತ್ತ. "ಬರೋ ವಸಂತದ ಹುಣ್ಣಿಮೆಗೆ ಇನ್ನೊಂದು ಚೀಲ ಜಾಸ್ತಿ ಹೊತ್ಕೊಂಡು ಹೋದ್ರಾಯ್ತು."